ಕಂಬ ಹಿಡಿದು ನಿಂತವನು

ಮುಸರ್ರತ್ ಗೌರಿಬಿದನೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೇಡಂ. ಗಂಡ ಪರ್ವೇಜ್ ಅಲಿಪುರದವನು, ಮನೆಯ ಮುಂದಿನ ಕೋಣೆಯಲ್ಲೇ ಯಂತ್ರ ಇಟ್ಟುಕೊಂಡು ಹರಳುಗಳಿಗೆ ಸಾಣೆ ಹಿಡಿಯುತ್ತಿದ್ದ. ಇರಾಕಿನ ನಜಫ್‌ನಿಂದ ಕರ್ಬಲಾದವರೆಗೆ ನಡೆದುಹೋಗಿ ಇಮಾಮ್ ಹುಸೇನರ ಸಮಾಧಿಯನ್ನು ಕಾಣಬೇಕೆಂಬುದು ಇಬ್ಬರಿಗೂ ಮದುವೆಯಾದಾಗಿನಿಂದ ಇದ್ದ ಆಸೆ. ಪ್ರತಿ ವರ್ಷ ಹುಸೇನರು ಮಡಿದ ದಿನದಿಂದ ನಲವತ್ತನೆಯ ದಿನವಾದ ಅರಬಯೀನ್ ಹೊತ್ತಿಗೆ ಆ ದಾರಿಯಲ್ಲಿ ಲಕ್ಷಾಂತರ ಜನ ನಡೆಯುತ್ತಾರೆ. ಮಗಳು ಇಫ್ರಾಳನ್ನು ಚಿಂತಾಮಣಿಗೆ ಮದುವೆ ಮಾಡಿ ಕೊಟ್ಟಮೇಲೆ ಕಾಲ ಕೂಡಿ ಬಂತು. ಬೆಂಗಳೂರಿನ ಒಂದು ತಂಡದ ಜೊತೆ ಹೊರಡುವುದೆಂದಾಯಿತು. ಮೊದಲು ನಡಿಗೆ, ಆಮೇಲೆ ಬಾಗ್ದಾದ್, ಕೊನೆಗೆ ಬ್ಯಾಬಿಲಾನಿನ ಪಾಳುಕೋಟೆ ನೋಡಿಕೊಂಡು ವಾಪಸ್ಸು.

ಕಾಲಿಗೆ ಅಭ್ಯಾಸವಾಗಲೆಂದು ಬೆಳಗಿನ ಹೊತ್ತು ಇಬ್ಬರೂ ವಿದುರಾಶ್ವತ್ಥದ ಕಡೆ ನಡೆಯತೊಡಗಿದರು. ರಸ್ತೆಯ ಅಂಚಿನಲ್ಲಿ ಪರ್ವೇಜ್ ಆಗಾಗ ಎಡವುತ್ತಿದ್ದ. "ನೆಲ ನೋಡ್ಕೊಂಡು ನಡೀರಿ," ಎಂದು ಅವಳು ನಕ್ಕರೆ, "ಹೊಸ ಶೂಸ್ ಕಣೇ, ಕಚ್ತಾ ಇದೆ," ಎನ್ನುತ್ತಿದ್ದ. ಅವಳು ನಂಬಿದಳು. ಹರಳಿನೊಳಗಿನ ಕೂದಲೆಳೆಯಷ್ಟು ಬಿರುಕನ್ನೂ ಗುರುತಿಸುವ ಮನುಷ್ಯನ ಕಣ್ಣಿನ ಮೇಲೆ ಯಾರಿಗಾದರೂ ಯಾಕೆ ಅನುಮಾನ ಬರಬೇಕು?

ನಜಫ್‌ನಿಂದ ಹೊರಟ ಮೊದಲ ದಿನ ಅವಳಿಗೆ ಖುಷಿಯೋ ಖುಷಿ. ಕಣ್ಣು ಹಾಯಿಸಿದಷ್ಟೂ ಕಪ್ಪು ಬಟ್ಟೆಯ ಜನ, ಕಪ್ಪು ಬಾವುಟ. ದಾರಿಯ ಎರಡೂ ಬದಿ ಡೇರೆಗಳು. ಚಹಾ, ಖರ್ಜೂರ, ಬಿಸಿ ರೊಟ್ಟಿಯನ್ನು ಕೈಹಿಡಿದು ನಿಲ್ಲಿಸಿ ಕೊಡುತ್ತಿದ್ದರು. ದಾರಿಯುದ್ದಕ್ಕೂ ಲೈಟು ಕಂಬಗಳು, ಒಂದೊಂದಕ್ಕೂ ಒಂದೊಂದು ನಂಬರು. ಪರ್ವೇಜ್ ಅವಳ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ನಡೆಯುತ್ತಿದ್ದ. ಗೌರಿಬಿದನೂರಿನ ಸಂತೆಯಲ್ಲಿ ಹೆಂಡತಿಗಿಂತ ನಾಲ್ಕು ಮಾರು ಮುಂದೆ ನಡೆಯುವ ಗಂಡ ಇಲ್ಲಿ ಹೀಗೆ ಅಂಟಿಕೊಂಡು ಬರುವುದು ಕಂಡು ಅವಳಿಗೆ ನಾಚಿಕೆಯೂ ಆಯಿತು, ಹಿತವೂ ಆಯಿತು.

ಮಾರನೆಯ ಬೆಳಿಗ್ಗೆ ಒಂದು ಡೇರೆಯ ಮುಂದೆ ಚಹಾ ಕೊಟ್ಟರು. ಮುದುಕನೊಬ್ಬ ಲೋಟ ಮುಂದೆ ಚಾಚಿದ್ದ. ಪರ್ವೇಜ್ ಕೈ ಚಾಚಿದ್ದು ಒಂದು ಗೇಣು ಪಕ್ಕಕ್ಕೆ. ಗಾಳಿಯಲ್ಲಿ ತಡಕಾಡಿದ. ಕೈ ತಾಗಿ ಲೋಟ ವಾಲಿತು, ಚಹಾ ಅವನ ಅಂಗಿಯ ಮೇಲೆಲ್ಲ ಚೆಲ್ಲಿತು.

ಮುಸರ್ರತ್ ಅವನ ಮುಖದ ಮುಂದೆ ಕೈ ಆಡಿಸಿದಳು. ರೆಪ್ಪೆ ಅಲುಗಲಿಲ್ಲ.

"ರೀ..." ಎಂದಳು.

ಸುತ್ತ ಉರ್ದು ಬಲ್ಲ ಯಾತ್ರಿಕರೂ ಇದ್ದರು. ಅವರಿಗೆ ತಿಳಿಯದಿರಲೆಂದು ಪರ್ವೇಜ್ ಕನ್ನಡದಲ್ಲಿ ಮೆಲ್ಲಗೆ ಹೇಳಿದ: "ಕೂಗ್ಬೇಡ. ಎಡಗಣ್ಣು ಆಗ್ಲೇ ಮಂಜಾಗಿತ್ತು. ಈಗ ಬಲಗಣ್ಣಿಗೂ ಕಪ್ಪು ಪರದೆ ಬಿದ್ದಂಗಾಗಿದೆ. ಬೆಳಕು ಕಾಣ್ಸುತ್ತೆ, ಅಷ್ಟೇ."

"ಯಾವಾಗಿಂದ?"

"ಬಲಗಣ್ಣು ನೆನ್ನೆ ಮಧ್ಯಾಹ್ನದಿಂದ. ಎಡಗಣ್ಣು... ಊರಲ್ಲೇ. ಶುಗರ್‌ನಿಂದ ಕಣ್ಣೊಳಗೆ ರಕ್ತ ಒಸರ್ತಿದೆ, ಲೇಸರ್ ಮಾಡ್ಬೇಕು, ದೂರ ಹೋಗ್ಬೇಡಿ ಅಂತ ಚಿಕ್ಕಬಳ್ಳಾಪುರದ ಡಾಕ್ಟ್ರು ಹೇಳಿದ್ರು. ನಿಂಗೆ ಹೇಳಿದ್ರೆ ಬರ್ತಿದ್ಯಾ? ಬಂದ್ಮೇಲೆ ಮಾಡಿಸ್ಕೊಂಡ್ರಾಯ್ತು ಅಂದ್ಕೊಂಡೆ."

ಅವಳಿಗೆ ಬೈಯಬೇಕೆನಿಸಿತು, ಬೈಯಲಾಗಲಿಲ್ಲ. ಸುತ್ತಲೂ ಹೊಳೆಯಂತೆ ಹರಿಯುವ ಜನ. ಅದರ ನಡುವೆ ಕಣ್ಣು ಕಾಣದ ಗಂಡ, ಭಾಷೆ ತಿಳಿಯದ ದೇಶ. ತಂಡದ ಮುಖಂಡ ಮುಂದೆ ಹೋಗಿಬಿಟ್ಟಿದ್ದ. ಎಷ್ಟು ಸಲ ಒತ್ತಿದರೂ ಅವನ ಫೋನು ಸಿಗಲಿಲ್ಲ. ಗಾಡಿ ಯಾವುದೂ ಆ ಜನದ ನಡುವೆ ಬರುವಂತಿರಲಿಲ್ಲ. ನಡೆಯುವುದೊಂದೇ ದಾರಿ. ಅವಳು ಅವನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ, "ನೋಯ್ತಿದೆ ಕಣೇ," ಎಂದ. ಸಡಿಲಿಸಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಡೇರೆ ಸೇರಿದರು. ಗಂಡಸರಿಗೊಂದು, ಹೆಂಗಸರಿಗೊಂದು. ಒಟ್ಟಿಗೆ ಇರಗೊಡಲಿಲ್ಲ. ಅವಳು ಗಂಡಸರ ಡೇರೆಯ ಬಾಗಿಲಲ್ಲಿ ನಿಂತು, ಲಖನೌ ಕಡೆಯ ಒಬ್ಬ ಯಾತ್ರಿಕನಿಗೆ ಗಂಡನನ್ನು ಒಪ್ಪಿಸಿದಳು. "ಇವ್ರಿಗೆ ಕಣ್ಣು ಕಾಣ್ಸಲ್ಲ ಭಾಯ್, ಎಲ್ಲೂ ಬಿಡ್ಬೇಡಿ," ಎಂದು ಉರ್ದುವಿನಲ್ಲಿ ಬೇಡಿಕೊಂಡಳು. ಅವನು ಎದೆ ಮುಟ್ಟಿಕೊಂಡು ಮಾತು ಕೊಟ್ಟ. ಹೆಂಗಸರ ಡೇರೆಯಲ್ಲಿ ನಮಾಜು ಮುಗಿಸಿ ತಕ್ಷಣ ಎದ್ದು ಬರಬೇಕೆಂದುಕೊಂಡವಳು, ಕೂಲರಿನ ತಂಪು ಗಾಳಿಗೆ ಕುಳಿತಲ್ಲೇ ತೂಕಡಿಸಿ ನಿದ್ದೆಹೋದಳು.

ಎಚ್ಚರಾದಾಗ ಹೊರಗೆ ಮತ್ತೆ ನಡಿಗೆ ಶುರುವಾಗಿತ್ತು. ಬರಿಗಾಲಲ್ಲೇ ಓಡಿದಳು. ಗಂಡಸರ ಡೇರೆಯಲ್ಲಿ ಮಡಿಸಿಟ್ಟ ಹಾಸಿಗೆಗಳು, ಖಾಲಿ ನೀರಿನ ಲೋಟಗಳು. ಲಖನೌದವನು ಹೊರಗೆ ನಿಂತು ಗೋಳಾಡುತ್ತಿದ್ದ. "ಶೌಚಕ್ಕೆ ಹೋಗ್ಬೇಕು ಅಂದ್ರು ತಾಯಿ, ಕರ್ಕೊಂಡು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಆ ಕಡೆ ಇನ್ನೊಂದು ಬಾಗಿಲಿದೆ ಅಂತ ನಂಗೆ ಗೊತ್ತಿರ್ಲಿಲ್ಲ."

ಆ ಇನ್ನೊಂದು ಬಾಗಿಲು ನೇರ ದಾರಿಗೇ ತೆರೆದಿತ್ತು. ದಾರಿಯ ತುಂಬ ಜನ.

"ಪರ್ವೇಜ್!" ಎಂದು ಮುಸರ್ರತ್ ಕೂಗಿದಳು. ಇಷ್ಟು ವರ್ಷದಲ್ಲಿ ಗಂಡನನ್ನು ಹೆಸರು ಹಿಡಿದು ಕೂಗಿದವಳೇ ಅಲ್ಲ. ಧ್ವನಿವರ್ಧಕಗಳ ಶೋಕಗೀತೆಯಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಕಣ್ಣು ಕಾಣದವನು ನೂಕಿದ ಕಡೆ ಹೋಗಿರುತ್ತಾನೆ ಎಂದುಕೊಂಡು ಜನರೊಂದಿಗೆ ಮುಂದಕ್ಕೆ ಓಡಿದಳು. ಪ್ರತಿ ಬೆನ್ನೂ ಅವನ ಬೆನ್ನಿನಂತೆಯೇ ಕಾಣುತ್ತಿತ್ತು. ಹೆಗಲು ಹಿಡಿದು ತಿರುಗಿಸಿದರೆ ಬೇರೆಯವರ ಮುಖ. ಒಂದು ಕಡೆ ಜನ ಸುತ್ತುವರಿದು ನಿಂತಿದ್ದರು, ನಡುವೆ ಯಾರೋ ಬಿದ್ದಿದ್ದರು. ಅವಳ ಕಾಲು ಅಲ್ಲೇ ನಿಂತವು. ಹತ್ತಿರ ಹೋಗಿ ನೋಡಲು ಧೈರ್ಯವಿಲ್ಲ, ನೋಡದೆ ಹೋಗುವಂತೆಯೂ ಇಲ್ಲ. ಕೊನೆಗೆ ಜನರ ಕಾಲುಗಳ ಸಂದಿಯಿಂದ ಇಣುಕಿದಳು. ಬಿಳಿ ಗಡ್ಡದ ಯಾರೋ ಮುದುಕ, ಬಿಸಿಲಿಗೆ ಬವಳಿ ಬಂದು ಬಿದ್ದಿದ್ದ.

ಕಳೆದುಹೋದವರನ್ನು ಸೇರಿಸುವ ಡೇರೆಯೊಂದು ಸಿಕ್ಕಿತು. ಅಳುವ ಮಕ್ಕಳು, ದಿಕ್ಕೆಟ್ಟ ಮುದುಕಿಯರು. ಅವಳ ಕೈಗೆ ಮೈಕು ಕೊಟ್ಟರು. ಉರ್ದುವಿನಲ್ಲಿ ಹೇಳಿದಳು. ಆಮೇಲೆ ತಡೆಯಲಾರದೆ ಕನ್ನಡದಲ್ಲಿ ಅರಚಿದಳು: "ರೀ, ನಾನು ಮುಸರ್ರತ್. ಎಲ್ಲಿದ್ದೀರೋ ಅಲ್ಲೇ ನಿಂತ್ಕೊಳ್ಳಿ. ಒಂದು ಹೆಜ್ಜೆನೂ ಇಡ್ಬೇಡಿ. ನಾನೇ ಬರ್ತೀನಿ!" ಹೇಳಿದ್ದನ್ನೇ ಹೇಳಿದಳು. ಗಂಟಲು ಕಟ್ಟಿ, ಸ್ವರ ಸೀಳಿ, ಕೊನೆಗೆ ಬರೀ ಗಾಳಿ ಹೊರಟಿತು.

ಯಾರೂ ಬರಲಿಲ್ಲ. ಬಿಸಿಲು ಇಳಿಯತೊಡಗಿತ್ತು. ಅವಳ ಕಣ್ಣ ಮುಂದೆ ಇಫ್ರಾಳ ಮುಖ ಬಂತು. ಅಪ್ಪ ಎಲ್ಲಮ್ಮ ಅಂದರೆ ಏನು ಹೇಳಲಿ? ಶವ ಸಿಕ್ಕರೂ ಗುರುತು ಹೇಳುವವರು ಯಾರು? ಪಾಸ್‌ಪೋರ್ಟುಗಳೆರಡೂ, ಅವನ ಫೋನೂ ಅವಳ ಬ್ಯಾಗಿನಲ್ಲೇ ಇದ್ದವು. ಅವನ ಜೇಬಿನಲ್ಲಿ ಒಂದು ಚೀಟಿಯೂ ಇರಲಿಲ್ಲ.

ಆಗ ಅವಳಿಗೆ ಹೊಳೆಯಿತು: ಪರ್ವೇಜ್ ಹೆದರಿದರೆ ಓಡುವವನಲ್ಲ, ಕೈಗೆ ಸಿಕ್ಕಿದ್ದನ್ನು ಹಿಡಿದು ನಿಂತುಬಿಡುವವನು. ಇಫ್ರಾ ಹುಟ್ಟಿದ ದಿನ ಆಸ್ಪತ್ರೆಯ ಕಿಟಕಿ ಸರಳು ಹಿಡಿದವನು ಬಿಟ್ಟಿರಲಿಲ್ಲ. ಅವನು ಮುಂದೆ ಹೋಗಿಲ್ಲ, ಹಿಂದೆಯೇ ಇದ್ದಾನೆ.

ಅವಳು ಜನರಿಗೆ ಎದುರಾಗಿ ನಡೆಯತೊಡಗಿದಳು. ಮೊಣಕೈ ತಾಗಿದವು, ಗಾಲಿಕುರ್ಚಿಯೊಂದು ಪಾದದ ಮೇಲೆ ಹರಿಯಿತು. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಮಧ್ಯಾಹ್ನ ಮಲಗಿದ್ದ ಡೇರೆಯನ್ನೂ ದಾಟಿದಳು.

ಪರ್ವೇಜ್ ಅಲ್ಲಿದ್ದ. ಲೈಟು ಕಂಬವನ್ನು ಎರಡೂ ಕೈಯಿಂದ ತಬ್ಬಿ, ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿ ನಿಂತಿದ್ದ. ಮೊಣಕಾಲ ಬಳಿ ಪ್ಯಾಂಟು ಹರಿದು ರಕ್ತ ಕಟ್ಟಿತ್ತು. ಹೋಗುವವರು ಅವನ ಜೇಬಿಗೆ ಖರ್ಜೂರ ತುರುಕಿದ್ದರು. ಯಾರೋ ತಲೆಗೆ ಒದ್ದೆ ಬಟ್ಟೆ ಹಾಕಿದ್ದರು.

ಅವಳು ಅವನ ಕೈ ಮುಟ್ಟಿದಳು. ಬೆಂಕಿ ತಾಗಿದವನಂತೆ ಕಿತ್ತುಕೊಂಡ. "ಕೌನ್ ಹೈ? ಛೋಡೋ!" ಎಂದು ಚೀರಿ ಕಂಬವನ್ನು ಇನ್ನೂ ಬಿಗಿಯಾಗಿ ತಬ್ಬಿದ. ಅವಳು ಮಾತಾಡಲು ಬಾಯಿ ತೆರೆದರೆ ಸ್ವರವೇ ಇಲ್ಲ. ಮದುವೆಯಾದ ಗಂಡ ತನ್ನ ಸ್ಪರ್ಶಕ್ಕೇ ಹೀಗೆ ಹೆದರಿದ್ದು ನೋಡಿ ಅವಳ ಎದೆ ಒಡೆಯಿತು. ಅವನ ಕಿವಿಗೆ ತುಟಿ ತಾಗಿಸಿ, ಇದ್ದಷ್ಟು ಉಸಿರೆಲ್ಲ ಕೂಡಿಸಿ ಪಿಸುಗುಟ್ಟಿದಳು: "ನಾನು ಕಣ್ರೀ."

ಅವನು ಕಂಬ ಬಿಟ್ಟು, ಅಲ್ಲೇ ನೆಲದ ಮೇಲೆ ಕುಸಿದು ಮಗುವಿನಂತೆ ಅತ್ತ.

"ಮೈಕಲ್ಲಿ ಹೇಳಿದ್ನಲ್ಲ, ಕೇಳಿಸ್ತಾ?" ಎಂದು ಪಿಸುದನಿಯಲ್ಲೇ ಕೇಳಿದಳು.

"ಏನೂ ಕೇಳಿಸ್ಲಿಲ್ಲ. ದಿಕ್ಕು ತಪ್ಪಿ ಹಿಂದಕ್ಕೆ ನಡೆದುಬಿಟ್ಟೆ ಅನ್ಸುತ್ತೆ. ಬಿದ್ದೆ, ಎಲ್ರೂ ತುಳಿದ್ಕೊಂಡು ಹೋಗ್ತಾರೆ ಅನ್ಸ್ತು. ಇದು ಕೈಗೆ ಸಿಕ್ತು. ನೀನು ಬರಲ್ಲ ಅಂದ್ಕೊಂಡ್ಬಿಟ್ಟಿದ್ದೆ."

ಲಖನೌದವನು ಅವರನ್ನು ಹುಡುಕಿಕೊಂಡು ಬಂದ. ಸ್ವಯಂಸೇವಕರಿಗೆ ಹೇಳಿ, ಡೇರೆಗಳ ಹಿಂದಿನ ರಸ್ತೆಯಲ್ಲಿ ನಿಂತಿದ್ದ ಆಂಬುಲೆನ್ಸ್ ಹತ್ತಿಸಿದವನೂ ಅವನೇ. ಕರ್ಬಲಾದಲ್ಲಿ ನೋಡಿದ ಡಾಕ್ಟರು, ಭಾರ ಎತ್ತಬಾರದು, ತಲೆ ಬಗ್ಗಿಸಬಾರದು, ಆದಷ್ಟು ಬೇಗ ಊರಿಗೆ ಹೋಗಿ ಆಪರೇಷನ್ ಮಾಡಿಸಿ ಎಂದರು. ಸಮಾಧಿಯ ಮುಂದೆ ಪರ್ವೇಜ್‌ಗೆ ಹಣೆ ಊರಲು ಅವಳು ಬಿಡಲಿಲ್ಲ. ಅವನು ಸಮಾಧಿಯ ಸುತ್ತಲಿನ ಜಾಲರಿ ಹಿಡಿದು ನಿಂತೇ ಪ್ರಾರ್ಥಿಸಿದ. ಅವಳು ಬೇಡಿಕೊಳ್ಳಬೇಕೆಂದು ಊರಿನಿಂದ ತಂದಿದ್ದ ಕೋರಿಕೆಗಳೆಲ್ಲ ಮರೆತುಹೋಗಿದ್ದವು.

ಬೇಗನೆ ವಾಪಸ್ಸಾಗಲು ವಿಮಾನದಲ್ಲಿ ಸೀಟು ಸಿಗಲಿಲ್ಲ. ತಂಡದ ಬಸ್ಸಿನಲ್ಲೇ ಬಾಗ್ದಾದಿಗೆ, ಬ್ಯಾಬಿಲಾನಿಗೆ ಹೋದರು. ಪರ್ವೇಜ್, "ನೀನು ನೋಡಿ ಹೇಳು, ನಾನು ಕೇಳಿಸ್ಕೋತೀನಿ," ಎಂದ. ಅವಳು ಏನೋ ಹೇಳಿದಳು: ನೀಲಿ ಬಾಗಿಲು, ಇಟ್ಟಿಗೆ ಗೋಡೆ, ಕಲ್ಲಿನ ಸಿಂಹ. ಆದರೆ ನಿಜಕ್ಕೂ ಅವಳು ನೋಡಿದ್ದು ಅವನ ಪಾದಗಳನ್ನು ಮಾತ್ರ. ಮೆಟ್ಟಿಲು ಬಂದಾಗಲೆಲ್ಲ ಅವನ ತೋಳು ಹಿಡಿದುಕೊಳ್ಳುತ್ತಿದ್ದಳು. ಬಸ್ಸು ಹಳ್ಳಕ್ಕೆ ಇಳಿದು ಎದ್ದರೆ, "ಬೆಳಕು ಕಾಣ್ಸುತ್ತಾ?" ಎಂದು ಕೇಳುತ್ತಿದ್ದಳು.

"ಕಾಣ್ಸುತ್ತೆ," ಎನ್ನುತ್ತಿದ್ದ. ಅದನ್ನೂ ನಂಬುವುದೋ ಬೇಡವೋ ಅವಳಿಗೆ ತಿಳಿಯುತ್ತಿರಲಿಲ್ಲ. ಅವನ ಯಾವ ಮಾತು ನಿಜ, ಯಾವುದು ತನ್ನನ್ನು ಸಮಾಧಾನ ಮಾಡಲು ಹೇಳಿದ್ದು ಎಂಬ ಈ ಹೊಸ ಭಯ ಕಂಬದ ಬಳಿ ಬಿಟ್ಟು ಬರುವಂಥದ್ದಾಗಿರಲಿಲ್ಲ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಬಲಗಣ್ಣು ಮುಕ್ಕಾಲು ಪಾಲು ಮರಳಿತು. ಎಡಗಣ್ಣು ಹೋಯಿತು. ಸಾಣೆಯಂತ್ರವನ್ನು ಅಲಿಪುರದ ತಮ್ಮನಿಗೆ ಕೊಟ್ಟು, ಪರ್ವೇಜ್ ಈಗ ಹರಳುಗಳ ವ್ಯಾಪಾರ ಕುದುರಿಸುತ್ತಾನೆ. ಅದಕ್ಕೆ ಒಂದು ಕಣ್ಣು ಸಾಕು ಎಂದು ಹೇಳಿಕೊಳ್ಳುತ್ತಾನೆ.

ಮೊನ್ನೆ ಇಫ್ರಾ ಚಿಂತಾಮಣಿಯಿಂದ ಬಂದಿದ್ದಳು. ಅಪ್ಪ ಶಿಡ್ಲಘಟ್ಟಕ್ಕೆ ಹೋದವನು ಸಂಜೆಯಾದರೂ ಬಂದಿರಲಿಲ್ಲ. ಅಮ್ಮ ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದಳು.

"ಫೋನ್ ಮಾಡಿದ್ರಾಯ್ತಲ್ಲ, ಯಾಕಮ್ಮ ಹಿಂಗೆ ಒದ್ದಾಡ್ತೀಯ?" ಎಂದಳು ಮಗಳು.

"ಮಾಡ್ದೆ. ಬಸ್‌ನಲ್ಲಿದ್ದೀನಿ ಅಂದ್ರು."

"ಮತ್ತೇನು?"

ಮುಸರ್ರತ್ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ಹೊರಟಳು.