ಕೊನೆಗೆ ಬಂದವರು ಇಳಿಯಿರಿ

“ಗುಮಾಸ್ತ ಅಂದ್ರೆ ನಾನು ಸುಮ್ನಿರಲ್ಲ ಭಾವ. ಈಗ್ಲೇ ಹೇಳಿದೀನಿ.”

“ಮತ್ತೇನು ಹೇಳ್ಲಮ್ಮ? ಬೀರು ಒಳಗೆ ಕೂತು ಒಬ್ಬೊಬ್ಬನೇ ಮಾತಾಡ್ತಿದ್ದ ಅಂತ ಹೇಳ್ಲಾ?”

ಹೆಣ ನಡುಮನೆಯಲ್ಲಿತ್ತು, ಜಗಳ ಅಡುಗೆಮನೆಯಲ್ಲಿ. ಸ್ಮಶಾನದಲ್ಲಿ ಸತ್ತವನ ಬಗ್ಗೆ ನಾಲ್ಕು ಮಾತಾಡಬೇಕಾದವನು ಅವನ ಅಣ್ಣ. ಬೇರೆ ಯಾರೂ ಇರಲಿಲ್ಲ ಎಂದಲ್ಲ. ಅಣ್ಣ ಇರುವ ಕಡೆ ಬೇರೆಯವರಿಗೆ ಬಾಯಿ ತೆರೆಯಲು ಬಿಡುವು ಸಿಗುತ್ತಿರಲಿಲ್ಲ. ದೊಡ್ಡ ಕಚೇರಿಯ ದೊಡ್ಡ ಕುರ್ಚಿಯಿಂದ ನಿವೃತ್ತನಾದವನು. ಎರಡನೇ ಮಹಡಿ ತಾನೇ ಎಂದು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಲೇ ತಮ್ಮನ ಹೆಂಡತಿಯ ಜೊತೆ ಜಗಳಕ್ಕೆ ನಿಂತಿದ್ದ.

“ನಿಮ್ಮ ಕಚೇರೀಲಿ ಅವರು ಒಂದು ವರ್ಷಾನೂ ತುಂಬಿಸ್ಲಿಲ್ಲ. ಆಮೇಲೆ ಜೀವಮಾನವೆಲ್ಲ ದನಿ ಮಾರಿ ಮನೆ ನಡೆಸಿದ್ರು. ಅದನ್ನ ಹೇಳಿ.”

“ದನಿ ಮಾರೋದೂ ಒಂದು ಉದ್ಯೋಗಾನಾ? ತರಕಾರಿ ಮಾರೋನೂ ಕೂಗ್ತಾನೆ. ಅವನು ಜೊತೆಗೆ ತರಕಾರಿನಾದ್ರೂ ಕೊಡ್ತಾನೆ.”

ಪಕ್ಕದ ಮನೆಯಾಕೆಗೆ ನಗು ಬಂತು. ಅದನ್ನು ಅಳುವಾಗಿ ತಿರುಗಿಸಲು ಆಕೆ ಪಟ್ಟ ಪಾಡು ಅಷ್ಟಿಷ್ಟಲ್ಲ.

*

ಅಣ್ಣ ಕೊಡಿಸಿದ ಕೆಲಸ ಬಿಟ್ಟು ಬಂದ ದಿನ ಅವನು ಬೀರುವಿನ ಹಲಗೆಗಳನ್ನು ಕಿತ್ತು, ಸುತ್ತ ಕೋಟು ಕಂಬಳಿ ನೇತುಹಾಕಿ, ಒಳಗೊಂದು ಸ್ಟೂಲು ಇಟ್ಟ. ಹೊರಗಿನ ಸದ್ದು ಮೈಕಿಗೆ ಬೀಳಬಾರದು. ಪ್ರಕಟಣೆಗಳಿಗೆ ದನಿ ಕೊಡಲು ಅದೇ ಅವನ ಸ್ಟುಡಿಯೊ.

“ಇನ್ಮೇಲೆ ನಾನು ಫ್ರೀಲಾನ್ಸ್ ಕಣೇ. ನನಗೆ ನಾನೇ ಯಜಮಾನ.”

“ಯಜಮಾನ್ರು ಬೀರುವಿನಿಂದ ಆಚೆ ಬಂದ ಮೇಲೆ ಬಟ್ಟೆ ಒಣಗಹಾಕ್ಲಿ,” ಎಂದಿದ್ದಳು ಹೆಂಡತಿ.

ಒಬ್ಬನೇ ದುಡಿಯುವವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಬೇಗನೆ ಗೊತ್ತಾಯಿತು. ಹಾಗಾಗಿ ಫೋನ್ ಎತ್ತುವ ಕೆಲಸ ಹೆಂಡತಿಗೆ ಬಂತು. ಮೂಗಿನಿಂದ ಹೊರಡುವ ಗಡಸು ದನಿಯೊಂದನ್ನು ಅವನೇ ಕಲಿಸಿದ. “ಸಾರ್ ಮೀಟಿಂಗ್‌ನಲ್ಲಿದಾರೆ,” ಎನ್ನುವಳು. ಸಾರ್ ಬೀರುವಿನಲ್ಲಿರುತ್ತಿದ್ದರು. “ಅರ್ಜೆಂಟ್ ಅಂದ್ರೆ ಆಗಲ್ಲ, ಮುಂದಿನ ವಾರ ಕೇಳಿ,” ಎನ್ನುವಳು. ಮುಂದಿನ ವಾರವೂ ಸಾರ್‌ಗೆ ಕೆಲಸವಿರುತ್ತಿರಲಿಲ್ಲ. ಆದರೆ ಜನ ಬಿಡುವಿಲ್ಲದವನನ್ನೇ ಹುಡುಕಿಕೊಂಡು ಬರುತ್ತಾರೆ. ಬಸ್ ನಿಲ್ದಾಣ ಬಂತು, ಆಸ್ಪತ್ರೆ ಬಂತು, “ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ” ಎನ್ನುವ ಫೋನ್ ಕಂಪನಿಯೂ ಬಂತು. ಕೊನೆಕೊನೆಗೆ ಅವಳು ನಿಜವಾಗಿಯೂ ಮುಂದಿನ ವಾರ ಕೇಳಿ ಎನ್ನಬೇಕಾಯಿತು.

*

ಲಿಫ್ಟ್ ಕಂಪನಿಯ ಯಜಮಾನ ಹೂಗುಚ್ಛ ಹಿಡಿದು ಬಂದ. ಅವನ ಎಲ್ಲ ಲಿಫ್ಟುಗಳಲ್ಲೂ ಮಾತಾಡುವುದು ಸತ್ತವನೇ. ಈ ಕಟ್ಟಡದ ಲಿಫ್ಟಿನಲ್ಲೂ.

“ಆಫೀಸಿನವರು ಯಾರೂ ಬರ್ಲಿಲ್ವಾ?” ಎಂದು ಪಿಸುಗುಟ್ಟಿದ. “ಆ ಮ್ಯಾನೇಜರ್ ಮೇಡಂ? ಬಹಳ ಜೋರು ಹೆಂಗಸು. ಒಂದ್ಸಲಾನೂ ಸಾರ್ ಹತ್ರ ನೇರ ಮಾತಾಡೋಕೆ ಬಿಡ್ಲಿಲ್ಲ.”

ಹೆಂಡತಿ ಕಣ್ಣೊರೆಸಿಕೊಂಡು ಮೂಗಿನಿಂದ ದನಿ ತೆಗೆದಳು. “ಹೇಳಿ, ಯಾರು ಮಾತಾಡ್ತಿರೋದು?”

ಯಜಮಾನ ನೆಟ್ಟಗೆ ನಿಂತುಬಿಟ್ಟ. ಕೈ ತಾನಾಗಿಯೇ ಅಂಗಿಯ ಗುಂಡಿ ಹಾಕಿತು. “ಅಯ್ಯೋ! ಇಷ್ಟು ವರ್ಷ ನಾನು ಹೆದರ್ತಿದ್ದದ್ದು ನಿಮಗಾ ತಾಯಿ?”

“ನೋಡಿದ್ಯಾ!” ಅಣ್ಣ ಗೆದ್ದವನಂತೆ ಕೈ ಎತ್ತಿದ. “ಆಫೀಸೂ ಸುಳ್ಳು, ಮ್ಯಾನೇಜರೂ ಸುಳ್ಳು. ಇದನ್ನ ನಾಲ್ಕು ಜನರ ಮುಂದೆ ಹೇಳ್ಬೇಕಾ? ಗುಮಾಸ್ತನಾಗಿದ್ದ ಅಂತೀನಿ. ಮರ್ಯಾದೆ ಉಳಿಯುತ್ತೆ.”

“ಕೆಲಸ ಸುಳ್ಳಲ್ಲ ಸ್ವಾಮಿ,” ಎಂದ ಯಜಮಾನ.

“ನೀವು ಮಧ್ಯ ಬರಬೇಡಿ.”

“ಹಾಗಾದ್ರೆ ಅಲ್ಲಿ ನಾನೇ ಮಾತಾಡ್ತೀನಿ,” ಎಂದಳು ಹೆಂಡತಿ.

“ನಾನು ಬದುಕಿರೋವಾಗ್ಲಾ? ನಾನು ಬಂದಿದೀನಿ, ನಾನೇ ಮಾತಾಡೋದು. ಮುಗೀತು.”

*

ಲಿಫ್ಟಿನ ಕೆಲಸದಲ್ಲಿ ಒಂದು ಸಾಲು ಮಾತ್ರ ಅವನಿಗೆ ಒಲಿದಿರಲಿಲ್ಲ. “ಭಾರ ಹೆಚ್ಚಾಗಿದೆ. ಕೊನೆಗೆ ಬಂದವರು ಇಳಿಯಿರಿ.” ಅವನು ಹೇಳಿದರೆ ಅದು ಊಟಕ್ಕೆ ಕರೆದಂತೆ ಕೇಳುತ್ತಿತ್ತು. ಇಷ್ಟು ಮೆತ್ತಗೆ ಹೇಳಿದರೆ ಇನ್ನಿಬ್ಬರು ಹತ್ತುತ್ತಾರೆ ಎಂದು ಕಂಪನಿ ವಾಪಸ್ ಕಳಿಸಿತು.

ಅದೇ ಹೊತ್ತಿಗೆ ಅಣ್ಣನ ಫೋನ್. ಇನ್ನೂ ಒಂದು ನೆಟ್ಟಗಿನ ಕೆಲಸ ಹುಡುಕ್ಲಿಲ್ವಾ, ನಾಚಿಕೆ ಆಗಲ್ವಾ, ನಿನ್ನನ್ನ ತಮ್ಮ ಅಂತ ಹೇಳ್ಕೊಳ್ಳೋಕೆ ನನಗೆ ಆಗ್ತಿಲ್ಲ. ಅವನು “ಹೂಂ ಅಣ್ಣ, ಸರಿ ಅಣ್ಣ” ಎನ್ನುತ್ತ ನಿಂತಿದ್ದ. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡಿದವನೇ ಅಲ್ಲ. ಫೋನ್ ಇಟ್ಟಾಗ ಕಿವಿ ಕೆಂಪಗಾಗಿದ್ದವು. ನೇರ ಬೀರುವಿನೊಳಗೆ ಹೋಗಿ ಬಾಗಿಲು ಎಳೆದುಕೊಂಡ.

ಒಳಗಿನಿಂದ ಬಂದ ದನಿಗೆ ಹೆಂಡತಿಯ ಕೈಯಲ್ಲಿದ್ದ ಲೋಟ ಜಾರಿ ಬಿತ್ತು. ಕಂಪನಿ ಅದನ್ನೇ ಒಪ್ಪಿತು.

*

ಕೆಳಗೆ ಶವದ ವ್ಯಾನಿನವನು ಹಾರ್ನ್ ಹೊಡೆದ. ನಾಲ್ವರು ಸ್ಟ್ರೆಚರ್ ಎತ್ತಿಕೊಂಡು ಸಾಮಾನು ಸಾಗಿಸುವ ದೊಡ್ಡ ಲಿಫ್ಟಿನೊಳಗೆ ನಿಂತರು. ಹೆಂಡತಿ ತಲೆಯ ಬಳಿ ನಿಂತಳು. ಲಿಫ್ಟಿನ ಯಜಮಾನ ಮೂಲೆ ಹಿಡಿದ. ಮೆಟ್ಟಿಲು ಹತ್ತಿ ಸಾಕಾಗಿದ್ದ ಅಣ್ಣ, “ಸ್ವಲ್ಪ ಸರೀರಿ,” ಎಂದು ಹೊಟ್ಟೆ ಮುಂದಿಟ್ಟುಕೊಂಡು ಒಳಗೆ ಬಂದ.

ಗಂಟೆ ಹೊಡೆಯಿತು.

“ಭಾರ ಹೆಚ್ಚಾಗಿದೆ. ಕೊನೆಗೆ ಬಂದವರು ಇಳಿಯಿರಿ.”

“ಯಾವನೋ ಇವನು, ಇಷ್ಟು ಸೊಕ್ಕಿನೋನು?” ಅಣ್ಣ ಸಿಡುಕಿದ. “ಯಾರಾದ್ರೂ ಇಳೀರಪ್ಪ.”

ಸ್ಟ್ರೆಚರ್ ಹಿಡಿದವರು ಇಳಿಯುವಂತಿರಲಿಲ್ಲ. ಯಜಮಾನ ಒಂದು ಕಾಲು ಎತ್ತಿದ. “ನಿಲ್ಲಿ,” ಎಂದಳು ಹೆಂಡತಿ, ಮೂಗಿನಿಂದ. ಯಜಮಾನ ಕಾಲು ಮತ್ತೆ ಅಲ್ಲೇ ಊರಿದ.

“ಭಾರ ಹೆಚ್ಚಾಗಿದೆ. ಕೊನೆಗೆ ಬಂದವರು ಇಳಿಯಿರಿ.”

ಈ ಸಲ ಅಣ್ಣನ ಮುಖ ಬಿಳಿಚಿತು. ಮೇಲಿನ ಜಾಲರಿಯನ್ನು ನೋಡಿದ. ಸ್ಟ್ರೆಚರಿನ ಮೇಲಿದ್ದವನನ್ನು ನೋಡಿದ.

“ಅವನು ನನ್ನ ಹತ್ರ ಯಾವತ್ತೂ ಹೀಗೆ ಮಾತಾಡಿಲ್ಲ.”

“ಇದು ನಿಮ್ಮ ಹತ್ರಾನೇ ಮಾತಾಡಿದ್ದು ಭಾವ,” ಎಂದಳು ಅವಳು.

ಅಣ್ಣ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ನಿಂತ. ಬಾಗಿಲು ಮುಚ್ಚಿತು.

ಕೆಳಗೆ ಹೆಣವನ್ನು ವ್ಯಾನಿಗೇರಿಸಿದರು. ಯಜಮಾನ ಅಣ್ಣನಿಗಾಗಿ ಲಿಫ್ಟನ್ನು ಮೇಲೆ ಕಳಿಸಿದ. ಎಲ್ಲರೂ ಕಾದರು. ಮೆಟ್ಟಿಲಿಳಿದು ಬಂದವಳು ಪಕ್ಕದ ಮನೆಯಾಕೆ.

“ಅವರು ಹಿಂದಿನ ಗೇಟಿನಿಂದ ಹೊರಟೇ ಹೋದ್ರು. ಎಷ್ಟು ಕೂಗಿದ್ರೂ ತಿರುಗಿ ನೋಡ್ಲಿಲ್ಲ.”

“ಮತ್ತೆ ಅಲ್ಲಿ ಮಾತಾಡೋರು?” ಎಂದ ಯಜಮಾನ.

ಹೆಂಡತಿ ಗಂಟಲು ಸರಿಮಾಡಿಕೊಂಡು ವ್ಯಾನಿನ ಮುಂದಿನ ಸೀಟು ಹತ್ತಿದಳು.

ಹಿಂದೆ ಲಿಫ್ಟ್ ಕೆಳಗೆ ಬಂದು ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ.

“ನೆಲಮಹಡಿ. ನಿಧಾನವಾಗಿ ಇಳಿಯಿರಿ,” ಎಂದಿತು ಅದು, ಊಟಕ್ಕೆ ಕರೆದಷ್ಟು ಮೆತ್ತಗೆ.