ಚೆನ್ನಯನವರ ಸಿಗ್ನಲ್ ಕೇಸು

ನೀರಜಾಳ ವಕೀಲಿಕೆಯಲ್ಲಿ ಸಿನಿಮಾಕ್ಕೆ ಒದಗುವಂಥದ್ದು ಏನೂ ಇರಲಿಲ್ಲ. ಮಿಸಿಸಾಗದ ಎರಿನ್ ಮಿಲ್ಸ್ ಬಡಾವಣೆಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ ಅವಳ ಆಫೀಸು. ಅಲ್ಲಿಗೆ ಬರುತ್ತಿದ್ದದ್ದು ಬೇಸ್‌ಮೆಂಟು ಬಾಡಿಗೆಯ ಜಗಳ, ಪಕ್ಕದ ಮನೆಯ ಬೇಲಿ, ವಿಲ್ಲು, ಟ್ರಾಫಿಕ್ ಟಿಕೆಟ್ಟು. ಕಾನೂನು ಅಂದರೆ ಜನ ಕೊಲೆ, ದರೋಡೆ ಅಂದುಕೊಳ್ಳುತ್ತಾರೆ. ಮೈಸೂರು ಬಿಟ್ಟು ಬಂದು ಇಲ್ಲಿ ಎರಡನೇ ಸಲ ಲಾ ಓದಿದ ನೀರಜಾಗೆ ಮಾತ್ರ ಒಂಟಾರಿಯೊದ ಕಾನೂನಿನ ಮುಕ್ಕಾಲು ಪಾಲು ಮನೆಮನೆಯ ತಲೆಬಿಸಿಯೇ ಅನ್ನುವುದು ಖಾತ್ರಿಯಾಗಿತ್ತು.

ಆ ದಿನದ ತಲೆಬಿಸಿ ಚೆನ್ನಯನವರದು. ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಿಂದ ರಿಟೈರಾದ, ಎಪ್ಪತ್ತು ದಾಟಿದ, ಉಡುಪಿ ಕಡೆಯ ಮನುಷ್ಯ. ಕೆಂಪು ದೀಪಕ್ಕೆ ನಿಲ್ಲಿಸದೆ ಹೋದರೆಂದು ಪೊಲೀಸರು ಟಿಕೆಟ್ ಕೊಟ್ಟಿದ್ದರು. ದಂಡ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಮಿಸಿಸಾಗದ ಅರ್ಧಕ್ಕರ್ಧ ತುಳುವರನ್ನು ಏರ್‌ಪೋರ್ಟಿಗೆ, ಆಸ್ಪತ್ರೆಗೆ, ಪೂಜೆಗೆ ಕರೆದೊಯ್ದವರು ಅವರು. ಕಾರೆಂದರೆ ಪ್ರಾಣ. ತಪ್ಪು ಒಪ್ಪಿಕೊಂಡರೆ ಎಲ್ಲಿ ಲೈಸೆನ್ಸಿಗೇ ಸಂಚಕಾರ ಬರುತ್ತದೋ ಎಂದು ಹೆದರಿಕೆ.

“ಹಳದಿ ಇತ್ತು,” ಎಂದರು. “ಇವಳು ಪಕ್ಕದಲ್ಲೇ ಇದ್ಳು. ಕೋರ್ಟಲ್ಲಿ ಇವಳೇ ಹೇಳ್ತಾಳೆ.”

ಹೆಂಡತಿ ಕೊರಪ್ಪೊಳು ಕೋಟು ಕೂಡ ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನೀರಜಾ ಚಹಾ ಕೊಟ್ಟರೆ ಮುಟ್ಟಲಿಲ್ಲ.

“ಆಣೆ ಹಾಕ್ಲಿಕ್ಕುಂಟು ಅಂತ ಇವರು ಹೇಳಿದ್ರು ಮಗಾ. ಹಾಗೆ ತಲೆಗೆ ಸ್ನಾನ ಮಾಡಿ ಬಂದದ್ದು. ಬೆಳಿಗ್ಗೆಯಿಂದ ಎಂತದೂ ತಿನ್ಲಿಲ್ಲ.”

ನೀರಜಾಗೆ ನಗು ಬಂತು. ಕೋರ್ಟಿನಲ್ಲಿ ಪ್ರಮಾಣ ಮಾಡಿ, ಎತ್ತಿದ ಕೈ ಇಳಿಸುವ ಮೊದಲೇ ಸುಳ್ಳು ಶುರುಮಾಡುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಆಣೆಗಾಗಿ ಉಪವಾಸ ಕೂತವರನ್ನು ಕಂಡದ್ದು ಇದೇ ಮೊದಲು.

“ಅಮ್ಮಾ, ಇವತ್ತು ಬರೀ ಪ್ರಾಕ್ಟೀಸು. ಕೋರ್ಟ್ ಡೇಟ್ ಮುಂದಿನ ವಾರ. ಅಲ್ಲೂ ದೇವರ ಹೆಸರು ಹೇಳ್ಲೇಬೇಕು ಅಂತೇನಿಲ್ಲ. ನಿಜಾನೇ ಹೇಳ್ತೀನಿ ಅಂದ್ರೆ ಸಾಕು.”

“ದೇವರ ಹೆಸರು ಬಿಟ್ರೆ ಆಣೆ ಸಣ್ಣದಾಗ್ತದಾ?” ಕೊರಪ್ಪೊಳು ಗಂಡನ ಕಡೆ ಒಮ್ಮೆ ನೋಡಿದರು. “ನನ್ನಿಂದ ಹಳದಿ ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಗಾ. ಕೆಂಪೇ ಇದ್ದದ್ದು.”

ಚೆನ್ನಯ ಕಿಟಕಿಯ ಕಡೆ ತಿರುಗಿ ಕೂತರು.

“ಒಂದು ವರ್ಷದಿಂದ ಲೈಟಿನ ಬಣ್ಣ ನಾನೇ ಹೇಳಿಕೊಡುದು,” ಎಂದರು ಕೊರಪ್ಪೊಳು. “ಇವರಿಗೆ ಸರಿ ಕಾಣುದಿಲ್ಲ. ಆ ದಿನ ನನಗೆ ಸ್ವಲ್ಪ ನಿದ್ದೆ ಹತ್ತಿತ್ತು. ತಪ್ಪು ನಂದೇ.”

“ಕಣ್ಣಿನ ಡಾಕ್ಟರಿಗೆ ತೋರಿಸಿದ್ರಾ ಅಂಕಲ್?”

“ತೋರಿಸಿದ್ರೆ ಅವರು ಲೈಸೆನ್ಸಿನವರಿಗೆ ರಿಪೋರ್ಟ್ ಮಾಡ್ತಾರೆ. ಮತ್ತೆ ನಾನು ಮನೆಯಲ್ಲಿ ಕೂತು ಎಂತ ಮಾಡುದು?” ಎಂದರು ಚೆನ್ನಯ. ಅವರ ದನಿಯಲ್ಲಿ ಜಗಳವಿರಲಿಲ್ಲ, ಬರೀ ಭಯವಿತ್ತು.

ಸುಳ್ಳೆಂದು ಗೊತ್ತಿದ್ದೂ ಸಾಕ್ಷಿ ಹೇಳಿಸುವುದು ವಕೀಲರಿಗೆ ಸಲ್ಲದು. ಕಕ್ಷಿದಾರರು ನಂಬಿ ಹೇಳಿದ್ದನ್ನು ಊರಿಗೆಲ್ಲ ಸಾರುವುದೂ ಸಲ್ಲದು. ಎರಡೂ ಒಳ್ಳೆಯ ನಿಯಮಗಳೇ. ಅವೆರಡರ ನಡುವೆ ಸಿಕ್ಕಿಕೊಂಡು ನೀರಜಾ ಪೆನ್ನು ಕೆಳಗಿಟ್ಟಳು.

“ಅಮ್ಮನ್ನ ಸಾಕ್ಷಿಗೆ ಕರೆಯಲ್ಲ. ಆದ್ರೆ ನೀವು ಡ್ರೈವಿಂಗ್ ನಿಲ್ಲಿಸ್ಬೇಕು ಅಂಕಲ್. ಯಾರಿಗಾದ್ರೂ ಗುದ್ದಿದ್ರೆ?”

“ಆಯ್ತು, ನೋಡುವ,” ಎಂದರು ಚೆನ್ನಯ. ಕರಾವಳಿಯವರು ‘ನೋಡುವ’ ಅಂದರೆ ಆಗುವುದಿಲ್ಲ ಎಂದೇ ಲೆಕ್ಕ. ಇಷ್ಟು ವರ್ಷದಲ್ಲಿ ನೀರಜಾ ಅಷ್ಟಾದರೂ ಕಲಿತಿದ್ದಳು.

ಮುಂದಿನ ವಾರ ಕೋರ್ಟಿನಲ್ಲಿ ಟಿಕೆಟ್ ಕೊಟ್ಟ ಪೊಲೀಸಪ್ಪನೇ ಬರಲಿಲ್ಲ. ಸಾಕ್ಷಿಯಿಲ್ಲವೆಂದು ಸರಕಾರದ ಕಡೆಯವರು ಕೇಸನ್ನು ವಾಪಸು ತೆಗೆದುಕೊಂಡರು. ಚೆನ್ನಯನವರು ಬಾಯಿ ಬಿಡುವ ಮೊದಲೇ ಎಲ್ಲ ಮುಗಿದಿತ್ತು. ದಿನವೂ ಹೀಗೆ ಎಷ್ಟೋ ಕೇಸು ಬಿದ್ದುಹೋಗುತ್ತವೆ, ನೀರಜಾ ಖುಷಿಯಿಂದಲೇ ಬಿಲ್ಲು ಬರೆಯುತ್ತಾಳೆ. ಇವತ್ತು ಗೆದ್ದದ್ದು ಅವಳಿಗೆ ಒಂಚೂರೂ ಹಿಡಿಸಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಗಾಳಿ ಚರ್ಮ ಸುಲಿಯುವಂತೆ ಬೀಸುತ್ತಿತ್ತು. ಚೆನ್ನಯ ಹುಡುಗನ ಹಾಗೆ ಕಾರಿನ ಬಾಗಿಲು ತೆರೆದು, “ಹತ್ತು ಮಾರಾಯ್ತಿ. ಗೆದ್ದಾಯ್ತಲ್ಲ,” ಎಂದರು.

ಕೊರಪ್ಪೊಳು ಹತ್ತಲಿಲ್ಲ. ಉಣ್ಣೆಯ ಟೊಪ್ಪಿ ತೆಗೆದು, ನರೆತ ತಲೆಯನ್ನು ಗಂಡನ ಮುಂದೆ ತಗ್ಗಿಸಿ ನಿಂತರು.

“ನನ್ನ ತಲೆ ಮುಟ್ಟಿ ಹೇಳಿ, ನಿಮಗೆ ದಾರಿ ಸರಿ ಕಾಣ್ತದೆ ಅಂತ. ಹೇಳಿದ್ರೆ ಎಲ್ಲಿಗೆ ಬೇಕಾದ್ರೂ ಬರ್ತೇನೆ.”

ಚೆನ್ನಯನವರ ಕೈ ಮೇಲೆದ್ದಿತು. ಹೆಂಡತಿಯ ಬೈತಲೆಯ ಮೇಲೆ ಬಂದು ಅಲ್ಲೇ ನಿಂತಿತು. ಮುಟ್ಟಲಿಲ್ಲ, ಹಿಂದಕ್ಕೂ ಬರಲಿಲ್ಲ. ನೀರಜಾಗೆ ನೋಡಲಾಗಲಿಲ್ಲ, ಕಣ್ಣು ತೀಡಿಕೊಂಡಳು. ಕೊನೆಗೆ ಚೆನ್ನಯ ಟೊಪ್ಪಿ ಇಸಿದುಕೊಂಡು ಕೊರಪ್ಪೊಳುವಿನ ತಲೆಗೆ ಹಾಕಿ, ಕಿವಿ ಮುಚ್ಚುವಂತೆ ಎಳೆದರು.

“ತಲೆಗೆ ಗಾಳಿ ಹಿಡೀತದೆ,” ಎಂದು, ಕಾರಿನ ಕೀಯನ್ನು ಹೆಂಡತಿಯ ಕೋಟಿನ ಜೇಬಿಗೆ ಇಳಿಸಿದರು.

ಆಮೇಲೆ ನೀರಜಾಳ ಕಡೆ ತಿರುಗಿ, ಈ ಊರಿನ ಒಂದೊಂದು ಗಲ್ಲಿಯನ್ನೂ ಬಲ್ಲ ಆ ಮನುಷ್ಯ ಮೆಲ್ಲನೆ ಕೇಳಿದರು, “ಕಣ್ಣಿನ ಡಾಕ್ಟ್ರಲ್ಲಿಗೆ ಬಸ್ಸು ಎಲ್ಲಿ ಹಿಡಿಯುದು ಮಗಾ?”