ಮದುಮಗಳ ಮುಖಕ್ಕೆ ಸಫೇದಾ

ನಮ್ಮ ರೋಣ ತಾಲೂಕಿನ ಕಡೆ ಹುಡುಗಿಗೆ ಲಗ್ನ ಗೊತ್ತಾಯಿತೆಂದರೆ ಬಂದ ಹೆಂಗಸರೆಲ್ಲ ಮೊದಲು ನೋಡುವುದು ಅವಳ ಬಣ್ಣವನ್ನು. ಎರೆಹೊಲದ ಬಿಸಿಲಿನಲ್ಲಿ ಹತ್ತಿ ಬಿಡಿಸಿದ ಹುಡುಗಿ ಕಪ್ಪಗಿರದೆ ಮತ್ತೆ ಹೇಗಿರಬೇಕು? ಆದರೂ ಅನ್ನುವವರು ಅಂದೇ ಅನ್ನುತ್ತಾರೆ.

ಅಸೂಟಿಯ ಶಿವನಪ್ಪನ ಮಗಳು ಹೊನ್ನವ್ವನಿಗೂ ಹಾಗೇ ಆಯಿತು. ಏಕೀಕರಣವಾದ ಮರುವರ್ಷ ಅವಳಿಗೆ ಗಜೇಂದ್ರಗಡದ ಅರಿವೆ ಅಂಗಡಿಯವರ ಮನೆಗೆ ಲಗ್ನ ಗೊತ್ತಾಯಿತು. ನಿಶ್ಚಯಕ್ಕೆ ಬಂದ ಬೀಗತಿ ಬಾಳವ್ವ ಹುಡುಗಿಯ ಗಲ್ಲ ಹಿಡಿದು ನೋಡಿ ಹೇಳಿದಳು:

"ಹುಡುಗಿ ಚಲೋ ಅದಾಳ್ರಿ. ಲಗ್ನದಾಗ ಒಂಚೂರು ಬೆಳ್ಳಗ ಕಂಡ್ರ ಸಾಕು. ನಮ್ಮ ಮಂದಿ ಬಾಯಿ ಸುಮ್ನಿರಂಗಿಲ್ಲ."

ಆ ಮಾತು ಹುಡುಗಿಯ ತಾಯಿ ಕರೆವ್ವನ ಎದೆಗೆ ನಾಟಿತು. ಮರುವಾರವೇ ಯಂಕವ್ವನನ್ನು ಕರೆಸಿದಳು.

ಯಂಕವ್ವ ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಪಾತ್ರದವರಿಗೆ ಬಣ್ಣ ಹಚ್ಚುತ್ತಿದ್ದವಳು. ಕಂಪನಿ ಮುಚ್ಚಿದ ಮೇಲೆ ಊರೂರು ತಿರುಗಿ ಮದುಮಕ್ಕಳನ್ನು ಸಿಂಗರಿಸುತ್ತಿದ್ದಳು. ಮಾತಾಡುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದು, ಕೆಲಸವನ್ನೆಲ್ಲ ಎಡಗೈಯಲ್ಲೇ ಮಾಡುವುದು ಅವಳ ರೂಢಿ. ಹೊನ್ನವ್ವನನ್ನು ಕೂಡಿಸಿಕೊಂಡು ಮುಖ ತೊಳೆಸಿದಳು. ಎಣ್ಣೆ ಸವರಿದಳು. ತವರದ ಡಬ್ಬಿಯಿಂದ ಬೆಳ್ಳನೆಯ ಪುಡಿ ತೆಗೆದು, ನೀರಿನಲ್ಲಿ ಕಲಸಿ, ಅರಿವೆಯ ಉಂಡೆಯಿಂದ ಹಣೆ, ಗಲ್ಲ, ಕುತ್ತಿಗೆಗೆ ಪದರಪದರವಾಗಿ ಬಡಿದಳು. ತುಟಿಗೂ ಅದನ್ನೇ ಬಳಿದು ಮೇಲೆ ಸಿಂಧೂರ ತೀಡಿದಳು.

"ಇದು ಸಫೇದಾ. ದಿನಾ ಸಂಜಿಕ ಹಚ್ಚಿ ಕುಂಡರಸ್ರಿ. ಲಗ್ನದ ಹೊತ್ತಿಗೆ ಬಣ್ಣ ಮೈಯಾಗ ಕೂಡತೈತಿ," ಎಂದು ಒಂದು ಡಬ್ಬಿ ಕೊಟ್ಟು ಹೋದಳು.

ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ ಹೊನ್ನವ್ವನಿಗೆ ನಗು ತಡೆಯಲಾಗಲಿಲ್ಲ. ತುಟಿ ನೆಕ್ಕಿಕೊಂಡಳು. "ಯವ್ವಾ, ಇದು ಸ್ವಲ್ಪ ಸೀ ಐತಿ," ಎಂದಳು.

ದಿನಾ ಹಚ್ಚುತ್ತ ಎರಡು ತಿಂಗಳು ಕಳೆದವು. ಹುಡುಗಿಗೆ ರೊಟ್ಟಿ ಸೇರದಾಯಿತು. ಹೊಟ್ಟೆಯಲ್ಲಿ ಹಿಂಡಿದಂಥ ನೋವು. ಬಣ್ಣ ತೊಳೆದಾಗ ಕಾಣುವ ಮುಖ ಬೂದಿಯ ಹಾಗೆ ಕಳೆಗೆಟ್ಟಿತ್ತು. ಅದನ್ನು ಮುಚ್ಚಲು ಕರೆವ್ವ ಇನ್ನಷ್ಟು ಬಣ್ಣ ಹಚ್ಚಿದಳು.

ಒಂದು ಸಂಜೆ ಕರೆವ್ವ ಹೊಲದಿಂದ ಬಂದಾಗ ಮನೆಯಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ದನ ಕಟ್ಟುವ ಕಡೆಯಿಂದ ಎಮ್ಮೆ ಒಂದೇ ಸಮನೆ ಹೂಂಕರಿಸುತ್ತಿತ್ತು, ಹಗ್ಗ ಜಗ್ಗುತ್ತಿತ್ತು. ಕರೆವ್ವ ಇಣುಕಿದಳು. ಕತ್ತಲೆಯಲ್ಲಿ ಒಂದು ಬಿಳಿಯ ಮುಖ ಮಾತ್ರ ಕಾಣಿಸಿತು. ಕೆಳಗೆ ಮೈ ಇಲ್ಲ, ಕಾಲಿಲ್ಲ. ಎತ್ತರದಲ್ಲಿ ತೂಗಿ ಬಿಟ್ಟಂತೆ ಬರೀ ಮುಖ.

"ಯಾರದು?"

ಮುಖ ಮೆಲ್ಲಗೆ ಇವಳ ಕಡೆ ತಿರುಗಿತು. ಕಣ್ಣಿದ್ದ ಜಾಗದಲ್ಲಿ ಎರಡು ಕಪ್ಪು ಕುಳಿ.

"ಯಾರು? ಮಾತಾಡು!"

"ಯವ್ವಾ... ನಾನು. ನನ್ನ ಕೈ ಏಳವಲ್ದು."

ಅದು ಹೊನ್ನವ್ವ. ಕಪ್ಪು ಸೀರೆ ಉಟ್ಟಿದ್ದಳು, ಅದಕ್ಕೇ ಮೈ ಕಂಡಿರಲಿಲ್ಲ. ಎಮ್ಮೆ ಹಿಂಡಲು ಬಂದವಳ ಕೈಯಿಂದ ತಂಬಿಗೆ ಬಿದ್ದು ಉರುಳಿತ್ತು. ಎರಡೂ ಕೈ ಮಣಿಕಟ್ಟಿನಿಂದ ಕೆಳಗೆ, ಬಾಡಿದ ಎಲೆಯಂತೆ ಜೋತುಬಿದ್ದಿದ್ದವು. ಅವಳೇ ಸಾಕಿದ ಎಮ್ಮೆ ಅವಳ ಮುಖ ನೋಡಿ ಗೋಡೆಗೆ ಒತ್ತಿಕೊಂಡು ನಡುಗುತ್ತಿತ್ತು.

ಗದ್ದಲ ಕೇಳಿ ಅಜ್ಜಿ ಮುದುಕವ್ವ ಚಿಮಣಿ ದೀಪ ಹಿಡಿದು ಬಂದಳು. ಮೊಮ್ಮಗಳ ಮುಖಕ್ಕೆ ಬೆಳಕು ಹಿಡಿದಳು. ಹೊನ್ನವ್ವ ಅಳಲು ಬಾಯಿ ತೆರೆದಳು. ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿನುದ್ದಕ್ಕೂ, ಮಸಿಯಲ್ಲಿ ಎಳೆದಂತೆ ಒಂದು ಕರಿಗೆರೆ.

ಮುದುಕವ್ವ ದೀಪವನ್ನು ಹಿಂದಕ್ಕೆ ಎಳೆದುಕೊಂಡಳು.

"ಹುಚ್ಚವ್ವ ಬಂದಾಳ," ಎಂದಳು. "ಶಿರೋಳದ ಹುಚ್ಚವ್ವ. ಆಕಿ ಸತ್ತಾಗ ನಾ ನೋಡೇನಿ. ಇದ ಬಿಳಿ ಮಾರಿ, ಇದ ಕರಿಗೆರಿ. ಆಕಿ ಮದುಮಕ್ಕಳನ್ನ ಹಿಡಿಯಾಕತ್ತಾಳ."

ಶಿರೋಳದ ಹುಚ್ಚವ್ವ ಲಗ್ನವಾದ ವರ್ಷದಲ್ಲೇ ಫಿಟ್ಸ್ ಬಂದು ತೀರಿಕೊಂಡ ಹುಡುಗಿ. ಆಮೇಲೆ ಮೆಣಸಗಿಯ ಒಬ್ಬ ಮದುಮಗಳಿಗೂ ಕೈ ಜೋತುಬಿದ್ದಿತ್ತು. ಸುತ್ತಿನ ಊರವರೆಲ್ಲ ಹುಚ್ಚವ್ವ ದೆವ್ವವಾಗಿದ್ದಾಳೆ ಎಂದು ನಂಬಿದ್ದರು. ಅವಳ ತಾಯಿ ಹೊಳೆವ್ವನನ್ನು ಯಾರೂ ಶುಭಕಾರ್ಯಕ್ಕೆ ಕರೆಯುತ್ತಿರಲಿಲ್ಲ.

ಮರುದಿನವೇ ದೆವ್ವ ಬಿಡಿಸುವವನನ್ನು ಕರೆತರುವುದೆಂದು ಮಾತಾಯಿತು. ಅಷ್ಟರಲ್ಲಿ ನೆರೆಮನೆಯ ಮಾಯವ್ವ ಬಂದಳು. ಅವಳು ಸೂಲಗಿತ್ತಿ. ರೋಣದ ದವಾಖಾನೆಯಲ್ಲಿ ತರಬೇತಿ ಪಡೆದು ಬಂದಿದ್ದಳು. ಹೊನ್ನವ್ವನ ಕೈ ಮುಟ್ಟಿ ನೋಡಿದಳು, ಒಸಡು ನೋಡಿದಳು. ಆಮೇಲೆ ಮುದುಕವ್ವನ ಕಡೆ ತಿರುಗಿದಳು.

"ಅಜ್ಜಿ, ಹುಚ್ಚವ್ವಗ ಲಗ್ನದಾಗ ಬಣ್ಣ ಹಚ್ಚಿದವ್ರು ಯಾರು?"

"ಯಂಕವ್ವ."

"ಮೆಣಸಗಿ ಹುಡಿಗಿಗೆ?"

ಮುದುಕವ್ವ ನೆನಪು ಮಾಡಿಕೊಂಡಳು. "ಆಕಿನ. ಯಾಕ?"

"ದೆವ್ವ ಹಿಡಿಯೂದಾದ್ರ ಬಣ್ಣ ಹಚ್ಚಿಕೊಂಡವ್ರನ್ನಷ್ಟ ಯಾಕ ಹಿಡೀತೈತಿ? ಬಡವ್ರ ಮನ್ಯಾಗ ಅರಿಷಿಣ ಹಚ್ಚಿ ಲಗ್ನಾ ಮಾಡಿದ್ರು, ಆ ಹುಡಿಗ್ಯಾರಿಗೆ ಏನೂ ಆಗಿಲ್ಲ."

"ನಿನಗ ದವಾಖಾನಿ ಗಾಳಿ ಬಡದೈತಿ. ಬಣ್ಣದಾಗ ಏನ ಇರತೈತಿ?" ಎಂದು ಮುದುಕವ್ವ ಸಿಟ್ಟಾದಳು.

"ಅದು ನನಗೂ ಗೊತ್ತಿಲ್ಲ ಅಜ್ಜಿ. ಯಂಕವ್ವನ್ನ ಕರಸ್ರಿ, ಕೇಳೂಣು."

ಯಂಕವ್ವ ಬಂದಳು. ಬಾಗಿಲಲ್ಲಿ ನಿಂತವಳು ಒಳಗೆ ಮಲಗಿದ್ದ ಹುಡುಗಿಯನ್ನು ಕಂಡು ಸ್ತಬ್ಧಳಾದಳು. ಮಾಯವ್ವ ಮೆಲ್ಲಗೆ ಹೇಳಿದಳು:

"ಯಂಕಕ್ಕ, ಸಿಟ್ಟಾಗಬ್ಯಾಡ. ಸೆರಗ ತಗದು ಒಂಚೂರು ಬಾಯಿ ತೋರಸು."

ಯಂಕವ್ವ ಒಲ್ಲೆನೆಂದಳು. ಮತ್ತೆ ಯಾಕೋ ಅವಳ ಕಣ್ಣು ತುಂಬಿದವು. ಸೆರಗು ಇಳಿಸಿದಳು. ಅವಳ ಒಸಡಿನಲ್ಲೂ ಅದೇ ಕರಿಗೆರೆ, ಇನ್ನೂ ದಪ್ಪಗೆ. ಹಲ್ಲು ಅರ್ಧ ಉದುರಿದ್ದವು. ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದಳು. ಬಿಟ್ಟ ಕೂಡಲೇ ಅದು ಜೋತುಬಿತ್ತು.

"ನನಗೂ ಹುಚ್ಚವ್ವ ಹಿಡದಾಳಂತ ತಿಳಕೊಂಡಿದ್ದೆ," ಎಂದಳು. "ಆಕಿ ಹೆಣದ ಮುಂದ ಕುಂತು ಅತ್ತು ಬಂದೇನಿ ನಾನು. ಅದಕ್ಕ ಬೆನ್ನ ಹತ್ತ್ಯಾಳಂತ..."

"ಈ ಪುಡಿ ಎಲ್ಲೀದು?"

"ಬಾಗಲಾ, ಕಿಡಕಿಗೆ ಬಣ್ಣ ಹಚ್ಚಾವ್ರು ತಗೋತಾರಲ್ಲ, ಅದ ಸಫೇದಾ. ಕಂಪನ್ಯಾಗ ಎಲ್ಲಾರೂ ಅದನ್ನ ಹಚ್ಚತಿದ್ವಿ."

ಬೆಳಗಾಗುತ್ತಲೇ ಶಿವನಪ್ಪ ಚಕ್ಕಡಿ ಹೂಡಿದ. ದೆವ್ವ ಬಿಡಿಸುವವನು ಬರಲಿ ಎಂದು ಹಟ ಹಿಡಿದಿದ್ದ ಮುದುಕವ್ವನೂ ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಯಂಕವ್ವ ಡಬ್ಬಿ ಹಿಡಿದು ಹಿಂದೆ ಕೂತಳು.

ದವಾಖಾನೆಯ ಡಾಕ್ಟರಬಾಯಿ ಹುಡುಗಿಯನ್ನು ಒಳಗೆ ಮಲಗಿಸಿ ಇಂಜೆಕ್ಷನ್ ಶುರುಮಾಡಿಸಿದರು. ಆಮೇಲೆ ಮುದುಕವ್ವನ ಮಾತು ಪೂರ್ತಿ ಕೇಳಿದರು, ನಗಲಿಲ್ಲ.

"ಅಜ್ಜಿ, ನಿಮ್ಮ ಕಣ್ಣೀಲೇ ನೋಡ್ರಿ," ಎಂದು ಎರಡು ಗಾಜಿನ ಚೂರು ತರಿಸಿದರು. ಒಂದಕ್ಕೆ ಯಂಕವ್ವನ ಸಫೇದಾ ಕಲಸಿ ಹಚ್ಚಿದರು. ಇನ್ನೊಂದಕ್ಕೆ ಕೂಸಿಗೆ ಹಾಕುವ ಪೌಡರ್ ಹಚ್ಚಿದರು. ಎರಡೂ ಬೆಳ್ಳಗಿದ್ದವು. ಆಳಿನ ಕೈಯಲ್ಲಿ ಒಂದು ಕೊಳೆತ ತತ್ತಿ ತರಿಸಿ ಒಡೆಸಿದರು. ಮುದುಕವ್ವ "ಶಿವಶಿವಾ" ಎಂದು ಮೂಗು ಮುಚ್ಚಿಕೊಂಡಳು. ತತ್ತಿಯ ಬಟ್ಟಲಿನ ಮೇಲೆ ಚೂರುಗಳನ್ನು ಬಣ್ಣದ ಬದಿ ಕೆಳಗೆ ಮಾಡಿ ಇಟ್ಟು, ದೊಡ್ಡ ಪಾತ್ರೆ ಕವುಚಿದರು.

ಎಲ್ಲರೂ ಸುತ್ತ ನಿಂತರು. ಒಳಗಿನಿಂದ ಹೊನ್ನವ್ವ ನರಳುವುದು ಕೇಳುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಪಾತ್ರೆ ಎತ್ತಿದರು. ಕೂಸಿನ ಪೌಡರ್ ಇದ್ದಂತೆಯೇ ಬೆಳ್ಳಗಿತ್ತು. ಯಂಕವ್ವನ ಸಫೇದಾ ಕರ್ರಗಾಗಿತ್ತು. ಯಾರೂ ಮುಟ್ಟಿರಲಿಲ್ಲ. ಬೆಂಕಿಯೂ ತಾಗಿರಲಿಲ್ಲ.

ಮುದುಕವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ದೆವ್ವಾ..."

"ದೆವ್ವ ಅಲ್ಲಜ್ಜಿ. ಸೀಸ. ಬಂದೂಕಿನ ಗುಂಡು ಮಾಡ್ತಾರಲ್ಲ, ಆ ಸೀಸಾ ಹುಳಿಯಾಗ ಇಟ್ಟು, ಕೊಳಿಸಿ ಈ ಬಿಳಿ ಪುಡಿ ಮಾಡ್ತಾರ. ಆ ಸಿಂಧೂರದಾಗೂ ಅದ ಐತಿ. ತುಟಿಗೆ ಹಚ್ಚಿದ್ದು ಹೊಟ್ಟಿಗೆ ಹೋತು. ರಕ್ತಕ್ಕ ಹೋತು. ಕೊಳೆತ ತತ್ತಿ ಗಾಳಿ ಬಡದು ಈ ಬಣ್ಣ ಹ್ಯಾಂಗ ಕರೀ ಆತೋ, ಹಂಗ ಬಾಯೊಳಗಿನ ಹೊಲಸು ಗಾಳಿಗೆ ಒಸಡಿನ ಸೀಸ ಕರೀ ಗೆರಿ ಆಗೇತಿ. ಕೈಯ ನರ ಸೋತಾವ. ಇನ್ನೊಂದು ತಿಂಗಳ ಹಚ್ಚಿದ್ರ ಹುಡುಗಿ ಉಳೀತಿರಲಿಲ್ಲ."

ಯಂಕವ್ವ ಡಬ್ಬಿಯನ್ನು ದೂರ ತಳ್ಳಿದಳು. "ಹಂಗಂದ್ರ ಹುಚ್ಚವ್ವ..."

"ಹೌದವಾ," ಎಂದರು ಡಾಕ್ಟರಬಾಯಿ. "ನಿನಗ ಗೊತ್ತಿರಲಿಲ್ಲ. ಈಗ ಗೊತ್ತಾತು."

ಸುದ್ದಿ ಗಜೇಂದ್ರಗಡ ಮುಟ್ಟಿತು. ಲಗ್ನ ಮುರಿಯುವ ವಿಚಾರ ಮಾಡಿಕೊಂಡೇ ಬಾಳವ್ವ ರೋಣಕ್ಕೆ ಬಂದಳು. ಹಾಸಿಗೆಯ ಮೇಲಿನ ಬೂದಿಬಣ್ಣದ ಮುಖ ನೋಡಿದಳು, ಜೋತುಬಿದ್ದ ಕೈ ನೋಡಿದಳು. ಡಾಕ್ಟರಬಾಯಿ ತೋರಿಸಿದ ಕರಿಯ ಗಾಜನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಅವಳ ಕಿರಿಮಗಳೂ ಮನೆಯಲ್ಲಿ ಯಂಕವ್ವ ಕೊಟ್ಟ ಅಂಥದೇ ಡಬ್ಬಿಯ ಬಣ್ಣ ಹಚ್ಚಿಕೊಳ್ಳುತ್ತಿದ್ದಳು.

"ನಮ್ಮ ಹುಡಿಗಿ ಮೊನ್ನಿಂದ ಹೊಟ್ಟಿ ಹಿಡಕೊಂಡು ಮಲಗ್ಯಾಳ್ರಿ," ಎಂದಳು.

"ಲಗೂ ಕರಕೊಂಡ ಬರ್ರಿ."

ಬಾಳವ್ವ ಬಾಗಿಲ ತನಕ ಹೋದವಳು ತಿರುಗಿ ಬಂದು ಹೊನ್ನವ್ವನ ತಲೆ ಸವರಿದಳು. "ಆರಾಮ ಆಗು. ಲಗ್ನ ಮುಂದಿನ ವರ್ಷ ಮಾಡಿದ್ರಾತು. ನೀ ಹ್ಯಾಂಗದಿ ಹಂಗ ಬಾ," ಎಂದಳು.

ಹೊನ್ನವ್ವನ ಕೈಗೆ ಬಲ ಬರಲು ತಿಂಗಳುಗಳೇ ಹಿಡಿದವು. ಮೊದಲು ಬೆರಳು ಅಲುಗಿದವು, ಆಮೇಲೆ ತಂಬಿಗೆ ಹಿಡಿದಳು. ಬಾಳವ್ವನ ಮಗಳು ಬೇಗ ಬಂದದ್ದರಿಂದ ಬೇಗ ಚೇತರಿಸಿಕೊಂಡಳು.

ಅಷ್ಟರಲ್ಲಿ ಒಂದು ದಿನ ಮುದುಕವ್ವ ಯಾರಿಗೂ ಹೇಳದೆ ಶಿರೋಳಕ್ಕೆ ಹೋದಳು. ಹೊಳೆವ್ವನ ಮನೆಯ ಕದ ತಟ್ಟಿದಳು. ವರ್ಷಗಟ್ಟಲೆ ಯಾರೂ ತಟ್ಟದ ಕದ ಅದು. ಹೊಳೆವ್ವ ಅರ್ಧ ತೆರೆದು ನೋಡಿದಳು.

"ತಂಗಿ, ನಿನ್ನ ಮಗಳು ದೆವ್ವ ಆಗಿಲ್ಲ," ಎಂದಳು ಮುದುಕವ್ವ. "ಬಣ್ಣದ ವಿಷಕ್ಕ ಸತ್ತಾಳ ಕೂಸು. ನಾವೆಲ್ಲಾ ಆಕೀ ಹೆಸರ ಕೆಡಿಸಿದ್ವಿ."

ಹೊಳೆವ್ವ ಕದವನ್ನು ಪೂರ್ತಿ ತೆರೆದಳು. ಒಳಗೆ ಕೂತು ಇಬ್ಬರೂ ಅತ್ತರು.

ಮರುವರ್ಷ ಲಗ್ನ ಬಂತು. ಹೊನ್ನವ್ವನನ್ನು ಸಿಂಗರಿಸಲು ಯಂಕವ್ವನೇ ಬಂದಳು. ಅವಳ ಬಲಗೈ ಪೂರ್ತಿ ಸುಧಾರಿಸಿರಲಿಲ್ಲ. ಅದಕ್ಕೆ ಅವಳು ಹೇಳುತ್ತ ಹೋದಳು, ಮಾಯವ್ವ ಮಾಡುತ್ತ ಹೋದಳು.

"ನಿನ್ನೆ ಮುಂಗೈ ಒಳಬದಿಗೆ ಸ್ನೋ ಕ್ರೀಮ್ ಹಚ್ಚಿ ನೋಡಿದ್ರೇನು? ಕೆಂಪಾಗಿಲ್ಲಲಾ? ಹಂಗಾರ ಈಗ ಕಡ್ಲಿಹಿಟ್ಟಿಗೆ ಹಾಲ ಕಲಸಿ ಮಾರಿ ತೊಳಿ. ಜೋರಾಗಿ ತಿಕ್ಕಬ್ಯಾಡ. ಆಕೀದ ಬ್ಯಾರೆ ಅರಿವಿ ತಗೊಂಡು ಒರಸು, ಮಂದಿ ಅರಿವಿ ಬ್ಯಾಡ. ಈಗ ಸ್ನೋ, ಒಂದ ಬಟ್ಟಿನಷ್ಟ. ಮ್ಯಾಲ ಪೌಡರ್ ತೆಳ್ಳಗ. ತೆಳ್ಳಗ ಅಂದ್ನಿ! ಮಾರಿ ಮುಚ್ಚಬಾರದು. ಕಣ್ಣಿಗೆ ತುಪ್ಪದ ದೀಪದ ಕಾಡಿಗಿ, ಹೊಸಾ ಕಡ್ಡೀಲೇ. ತುಟಿಗೆ ಏನೂ ಬ್ಯಾಡ, ಎಲಿ ಅಡಕಿ ಹಾಕ್ಕೊಳ್ಳಲಿ. ಹಣಿಗೆ ಅರಿಷಿಣದಿಂದ ಮಾಡಿದ ಮನಿ ಕುಂಕುಮ."

ಹಂದರದಲ್ಲಿ ಹೊನ್ನವ್ವ ಬಂದು ನಿಂತಳು. ಹೊಲದ ಹುಡುಗಿಯ ಬಣ್ಣ, ತೊಳೆದ ಹೊಸ ಮಡಕೆಯ ಹಾಗೆ ಹೊಳೆಯುತ್ತಿತ್ತು. ಗುಂಪಿನಲ್ಲಿ ಯಾರೋ "ಹುಡುಗಿ ಸ್ವಲ್ಪ ಕಪ್ಪ" ಎಂದರು. ಬಾಳವ್ವ ತಿರುಗಿ ನೋಡಿ, "ಹೌದ್ರಿ, ಕಪ್ಪ. ಜೀವಂತ ಅದಾಳ," ಎಂದಳು. ಹೊನ್ನವ್ವ ಎರಡೂ ಕೈ ಎತ್ತಿ ಗಂಡನ ಕೊರಳಿಗೆ ಮಾಲೆ ಹಾಕಿದಳು.

ಅಕ್ಕಂದಿರೇ, ತಾಯಂದಿರೇ, ನಿಮ್ಮ ಮನೆಯಲ್ಲೂ ಲಗ್ನವಿರಬಹುದು. ಮಗಳನ್ನು ಸಿಂಗರಿಸಿ, ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಬಾಗಿಲಿಗೆ ಬಳಿಯುವ ಸಫೇದಾವನ್ನು, ಸಿಂಧೂರವನ್ನು, ಯಾರೋ ಹೆಸರಿಲ್ಲದ ಡಬ್ಬಿಯಲ್ಲಿ ಕೊಟ್ಟ ಪುಡಿಯನ್ನು ಅವಳ ಮುಖಕ್ಕೆ, ಅದರಲ್ಲೂ ತುಟಿಗೆ, ಹಚ್ಚಬೇಡಿ. ಹೊಸದು ಯಾವುದೇ ಇರಲಿ, ಮುಂಚಿನ ದಿನ ತೋಳಿನ ಒಳಬದಿಗೆ ಹಚ್ಚಿ ನೋಡಿ. ಉರಿದರೆ ಬಿಟ್ಟುಬಿಡಿ. ಮಲಗುವ ಮುಂಚೆ ಕೊಬ್ಬರಿ ಎಣ್ಣೆಯಿಂದ ಒರೆಸಿ, ಬಣ್ಣವನ್ನೆಲ್ಲ ತೊಳೆಸಿ. ಹೊಟ್ಟೆನೋವು, ಒಸಡಿನಲ್ಲಿ ಕರಿಗೆರೆ, ಕೈ ಜೋತುಬೀಳುವುದು, ಇದರಲ್ಲಿ ಒಂದು ಕಂಡರೂ ದೆವ್ವ ಬಿಡಿಸುವವನ ಮನೆ ಹುಡುಕುತ್ತ ಹೊತ್ತು ಕಳೆಯಬೇಡಿ. ಚಕ್ಕಡಿ ಹೂಡಿ, ದವಾಖಾನೆಗೆ ನಡೆಯಿರಿ. ಈಗಲೇ ಎದ್ದು ಮನೆಯಲ್ಲಿರುವ ಬಣ್ಣದ ಡಬ್ಬಿ ತೆಗೆದು ನೋಡಿ. ಒಳಗೇನಿದೆ ಎಂದು ನಿಮಗೆ ಹೇಳಲಾಗದಿದ್ದರೆ, ಅದು ನಿಮ್ಮ ಮಗಳ ಮುಖಕ್ಕೆ ತಾಗದಿರಲಿ.